ಚಿಗವ್ವನ ಕೊಳೆತ ಕಟ್ಟಿಗೆ

ನಮ್ಮ ಚಿಗವ್ವನಿಗೆ ಗಟ್ಟಿ ಕಟ್ಟಿಗೆ ಕಂಡರೆ ಆಗುವುದಿಲ್ಲ. ಕೊಳೆತದ್ದೇ ಬೇಕು, ಅದೂ ಚೆನ್ನಾಗಿ ಕೊಳೆತದ್ದು. ದೈವದ ಕುಚೋದ್ಯ ನೋಡಿ, ಕಟ್ಟಿಕೊಂಡ ಗಂಡ ಮಾನ್ವಿಯಲ್ಲಿ ಬಾಗಿಲು ಮಾಡುವ ಬಡಿಗ! ತಾವು ಮಾಡಿದ ಬಾಗಿಲು ಮೊಮ್ಮಕ್ಕಳ ಕಾಲಕ್ಕೂ ಅಲುಗಬಾರದು ಅನ್ನುವವರು ನಮ್ಮ ಕಾಕಾ.

ಚಿಗವ್ವ ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಜಾಲಿ ಕಟ್ಟಿಗೆಯಿಂದ ಎಥೆನಾಲ್ ತೆಗೆದು ಬೈಕು ಓಡಿಸಬೇಕೆಂಬುದು ಅವಳ ಹಠ. ಮೊದಲು ಕಟ್ಟಿಗೆಯನ್ನು ಆಸಿಡ್ಡಿನಲ್ಲಿ ಕುದಿಸುತ್ತಿದ್ದಳು. ಓಣಿಗೆಲ್ಲ ಕೆಮ್ಮು ಬಂತು. ಬಾಟಲಿಯ ತಳಕ್ಕೆ ನಾಲ್ಕು ಹನಿ ಬಂತು. ಆಮೇಲೆ ಜ್ಞಾನೋದಯವಾಯಿತು.

"ಕಟ್ಟಿಗ್ಯಾಗ ಸಕ್ಕರಿ ಅದ ರೀ, ಆದ್ರ ಕೀಲಿ ಹಾಕ್ಯಾದ. ಬೂಷ್ಟು ಬೆಳೆಸಿದ್ರ ಅದು ಕೀಲಿ ತಗೀತದ. ಯೀಸ್ಟ್ ಹಾಕಿ ಹುಳಿ ಬರಿಸಿದ್ರ ಎಥೆನಾಲ್ ಮೊದಲಿಗಿಂತ ಜಾಸ್ತಿ ಬರ್ತದ."

"ಸಕ್ಕರಿ ಕಿರಾಣಿ ಅಂಗಡ್ಯಾಗೂ ಸಿಗ್ತದ," ಅಂದರು ಕಾಕಾ.

ಅಂದಿನಿಂದ ಬೂಷ್ಟಿನ ಬೇಟೆ. ಮಸರಕಲ್ಲು ಎಂಬ ಹಳ್ಳಿಯಲ್ಲಿ ಉರುಳಿದ್ದ ಮರವೊಂದರ ಕೊಳೆತ ತುಂಡನ್ನು ಸೆರಗಿನಲ್ಲಿ ಕೂಸಿನಂತೆ ಸುತ್ತಿಕೊಂಡು ದೇವದುರ್ಗದಲ್ಲಿ ಬಸ್ಸು ಹತ್ತಿದಳು. ಜೊತೆಗೆ ನಾನು. ಪಕ್ಕದ ಅಜ್ಜಿ ಕೂಸಿನ ಮುಖ ನೋಡಲು ಸೆರಗು ಸರಿಸಿದಳು.

"ಯವ್ವಾ, ಇದು ಒಲಿಗೂ ಬರಂಗಿಲ್ಲಲ್ಲ?"

"ಒಲಿಗೆ ಬರೂದಾಗಿದ್ರ ನಾ ಯಾಕ ತರ್ತಿದ್ದೆ?"

ಅಜ್ಜಿ ಎದ್ದು ಬೇರೆ ಸೀಟಿಗೆ ಹೋದಳು. ನಾನೂ ಹೋಗುತ್ತಿದ್ದೆ, ಇನ್ನೊಂದು ಸೀಟು ಖಾಲಿ ಇರಲಿಲ್ಲ.

ಮನೆಯ ಉಪ್ಪಿನಕಾಯಿ ಭರಣಿಗಳಲ್ಲೆಲ್ಲ ಬೂಷ್ಟು ಹಿಡಿದ ಕಟ್ಟಿಗೆಪುಡಿ ತುಂಬಿತು. ಊಟಕ್ಕೆ ಬಂದ ಬೀಗರು ಭರಣಿಯ ಮುಚ್ಚಳ ತೆಗೆದವರು ಆಮೇಲೆ ಬರೀ ಮಜ್ಜಿಗೆ ಕುಡಿದು ಹೋದರು. ಅಷ್ಟಕ್ಕೇ ನಿಂತಿದ್ದರೆ ಸರಿ. ಕಾಕಾನ ಅಂಗಡಿಯಲ್ಲಿ ಪೋತ್ನಾಳದ ಗಿರಾಕಿಗಳು ಮಾಡಿಸಿದ್ದ ತೇಗದ ಬಾಗಿಲ ಮೇಲೂ ಬಿಳಿ ಬೂಷ್ಟು ಅರಳಿತು.

"ನಿನಗ ಗಂಡನ ಅಂಗಡಿ ಬೇಕೋ, ಬೂಷ್ಟು ಬೇಕೋ? ಒಂದು ಹೇಳು," ಅಂದರು ಕಾಕಾ.

ಚಿಗವ್ವ ಭೂತಗನ್ನಡಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. "ಇದು ಬ್ಯಾರೆ ಜಾತಿ ಅದ ರೀ. ಒಂದೀಟು ಕೆರದು ತಗೊಳ್ಳಲೇನು?"

ಕಾಕಾ ಮಾತು ಬಿಟ್ಟರು. ಭರಣಿಗಳನ್ನೆಲ್ಲ ಹಳ್ಳಕ್ಕೆ ಎಸೆಯುತ್ತೇನೆಂದು ನನ್ನೆದುರು ಆಣೆ ಮಾಡಿದರು.

ಆ ವಾರವೇ ಚಿಗವ್ವನಿಗೆ ಡೆಂಗಿ ಬಂತು. ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿದವಳು ಜ್ವರದಲ್ಲಿ ಕನವರಿಸಿದ್ದೂ ಬೂಷ್ಟನ್ನೇ: "ಒಣಗಿದ್ರ ಸತ್ತು ಹೋಗ್ತಾವ." ಕಾಕಾ ಅವಳನ್ನು ನನಗೆ ಒಪ್ಪಿಸಿ ಮಾನ್ವಿಯ ಬಸ್ಸು ಹತ್ತಿದರು. ಭರಣಿಗಳ ಕತೆ ಮುಗಿಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಬಂದಾಗ ಅವಳು ಕಣ್ಣು ತೆರೆದಿದ್ದಳು. ಕೇಳುವ ಧೈರ್ಯವಾಗಲಿಲ್ಲ, ಮುಖವನ್ನೇ ನೋಡಿದಳು. ಕಾಕಾ ಹಾಸಿಗೆಯ ಅಂಚಿಗೆ ಕೂತು ಅವಳ ಹಣೆ ಮುಟ್ಟಿ ನೋಡಿದರು.

"ಎಲ್ಲಾ ಭರಣಿಗೂ ನೀರು ಚಿಮುಕಿಸಿ, ಹಸಿ ಗೋಣಿಚೀಲ ಹೊಚ್ಚಿ ಬಂದೀನಿ," ಅಂದರು. ಅವಳ ಹೊದಿಕೆ ಸರಿಮಾಡುತ್ತ ಮೆಲ್ಲಗೆ, "ಚಂದ ಕೊಳ್ಯಾಕತ್ತಾವ."