ಪೊರಕೆಗೆ ಕೂತ ಜೇನು

ಅಂಗಳದ ಮರದ ಕೊಂಬೆಗೆ ನೇತುಹಾಕಿದ್ದ ಪೊರಕೆ ತೆಗೆಯಲು ಹೋದ ಧೂಳಪ್ಪನ ಕೈ ಅರ್ಧದಲ್ಲೇ ನಿಂತಿತು. ಪೊರಕೆಯ ಮೇಲೆ ಜೇನು ಕೂತಿತ್ತು. ಒಂದೆರಡಲ್ಲ, ಇಡೀ ಸಂಸಾರ. ಒಂದು ಕಡ್ಡಿಯೂ ಕಾಣದಂತೆ ಸಾವಿರಾರು ಹುಳು ಒಂದನ್ನೊಂದು ಹಿಡಿದುಕೊಂಡು ಗಡ್ಡದ ಹಾಗೆ ಇಳಿಬಿದ್ದಿದ್ದವು.

ಧೂಳಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸಸ್ಯತೋಟದ ಕಚೇರಿ ಅಂಗಳವನ್ನು ಹನ್ನೊಂದು ವರ್ಷ ಗುಡಿಸಿದ್ದಕ್ಕೆ ಸಿಕ್ಕ ಬಿರುದು. ಬಿರುದು ಸಿಕ್ಕಿತ್ತು, ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಇವತ್ತು ಮಧ್ಯಾಹ್ನ ದೊಡ್ಡ ಮೇಡಂ ತಪಾಸಣೆಗೆ ಬರುವವರಿದ್ದರು. ಅಂಗಳ ನೋಡಿ ಅವನ ಅರ್ಜಿಗೆ ಸಹಿ ಹಾಕುವುದೋ ಬಿಡುವುದೋ ಅವರ ಕೈಯಲ್ಲಿತ್ತು. "ಅಳಿಯಂದ್ರದ್ದು ಕಾಯಂ ಆಯ್ತಾ ಅಂತ ಅಪ್ಪ ಇನ್ನೊಂದ್ಸಲ ಕೇಳಿದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಲಿ?" ಎಂದು ಹೆಂಡತಿ ಬೆಳಗ್ಗೆಯೇ ಕೇಳಿದ್ದಳು.

"ಅಷ್ಟಕ್ಕೆಲ್ಲ ಯಾಕೆ ಹೆದರ್ತೀಯ, ಸರಿ ಆಚೆ" ಎನ್ನುತ್ತ ಗೇಟಿನ ಕಾವಲುಗಾರ ಕೊಡೆ ಬಿಚ್ಚಿ, ಕೋಲು ಹಿಡಿದು ಮುಂದೆ ಬಂದ. ಒಂದೇ ಒಂದು ಜೇನು ಎದ್ದು ಬಂದು ಅವನ ಮೂಗನ್ನು ಪರಿಶೀಲಿಸಿತು. ಮರುಕ್ಷಣ ಕಾವಲುಗಾರ ಗೇಟಿನ ಬಳಿ ಇದ್ದ. ಹೋದದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಕಚೇರಿಯ ಕಿಟಕಿಯಿಂದ ನೋಡುತ್ತಿದ್ದ ಟೈಪಿಸ್ಟ್ ಅಕ್ಕ ಹೊರಗೆ ಬಂದರು. "ಹೊಸ ಮನೆ ಹುಡುಕ್ತಿದಾವೆ, ಪಾಪ. ಸಿಕ್ಕಿದ ಮೇಲೆ ತಾವೇ ಹೋಗ್ತಾವೆ. ಕೆಣಕಬೇಡಿ."

"ಇರೋದೊಂದೇ ಪೊರಕೆ. ಅವಕ್ಕೆ ಮನೆ ಸಿಗೋ ಹೊತ್ತಿಗೆ ನನ್ನ ಕೆಲಸ ಹೋಗಿರುತ್ತೆ ಅಕ್ಕ."

ನೀರಿನ ಗಾಡಿಯವನೂ ಎತ್ತನ್ನು ಕಚೇರಿಯ ಮೆಟ್ಟಿಲ ಮುಂದೆ ನಿಲ್ಲಿಸಿ ಜೇನು ನೋಡಲು ಬಂದ. ಯಜಮಾನ ಮೈಮರೆತಾಗ ಎತ್ತು ತನ್ನ ಕೆಲಸ ಮುಗಿಸಿತು. ದೊಡ್ಡ ಮೇಡಂ ಕಾಲಿಡುವ ಜಾಗದಲ್ಲೇ, ಬುಟ್ಟಿ ತುಂಬುವಷ್ಟು ಸಗಣಿ. ಗಾಡಿಯವನು ಎಲ್ಲರಿಗಿಂತ ಮೊದಲು ಅದನ್ನು ನೋಡಿ, ಎಲ್ಲರಿಗಿಂತ ಮೊದಲು ಗಾಡಿ ಹೊಡೆದುಕೊಂಡು ಹೋದ.

ಧೂಳಪ್ಪ ಟೈಪಿಸ್ಟ್ ಅಕ್ಕನಿಂದ ಹಳೇ ಫೈಲಿನ ರಟ್ಟು ಇಸಿದುಕೊಂಡು ಬಗ್ಗಿದ. ಗುಂಯ್ ಎಂದು ಏನೋ ಬಂದು ಹಣೆಗೆ ಬಡಿದು ಸಗಣಿಯ ಪಕ್ಕ ಬಿತ್ತು. ಅಂಗಿಯ ಕರೀ ಗುಂಡಿಯಂಥ ಸಗಣಿ ಹುಳು. ಬಿದ್ದದ್ದೇ ತಡ, ಮೀಸೆ ಅಗಲಿಸಿ ವಾಸನೆ ಹಿಡಿದು ಒಳಗೆ ನುಗ್ಗಿತು. ಹಿಂದೆಯೇ ಇನ್ನೊಂದು, ಆಮೇಲೆ ಹತ್ತು, ನೂರು. ಯಾರು ಇವಕ್ಕೆ ಹೇಳಿ ಕಳಿಸಿದರೋ ದೇವರೇ ಬಲ್ಲ. ಕೆಲವು ಉಂಡೆ ಕಟ್ಟಿ, ತಲೆ ಕೆಳಗೆ ಹಾಕಿ, ಹಿಂಗಾಲಿನಲ್ಲಿ ಒದ್ದುಕೊಂಡು ಹೊರಟವು. ತಮಗಿಂತ ದೊಡ್ಡ ಉಂಡೆ ಕಲ್ಲಿಗೆ ಸಿಕ್ಕಿ ಉರುಳಿಬಿದ್ದರೆ ಬೈಯದೆ, ಗೊಣಗದೆ ಮತ್ತೆ ಒದೆಯುತ್ತಿದ್ದವು. ಉಳಿದವು ಅಲ್ಲೇ ಬಿಲ ತೋಡಿ ಸಗಣಿಯನ್ನು ಕೆಳಕ್ಕೆ ಎಳೆಯುತ್ತಿದ್ದವು.

ರಟ್ಟು ಧೂಳಪ್ಪನ ಕೈಯಲ್ಲೇ ಉಳಿಯಿತು. ಹನ್ನೊಂದು ವರ್ಷ ಈ ನೆಲ ಗುಡಿಸಿದ್ದಾನೆ, ಒಂದು ದಿನವೂ ಇದನ್ನು ನೋಡಿರಲಿಲ್ಲ. ಟೈಪಿಸ್ಟ್ ಅಕ್ಕ ಸೀರೆ ಸಾವರಿಸಿಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಕಾವಲುಗಾರನೂ ಮೂಗು ಮುಚ್ಚಿಕೊಂಡೇ ಬಂದು ಕೂತ. ಗಂಟೆ ಹನ್ನೆರಡಾದದ್ದು, ಜೀಪು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

"ಏನ್ ನೋಡ್ತಿದ್ದೀರಾ?" ದೊಡ್ಡ ಮೇಡಂ ತಲೆಯ ಮೇಲೆಯೇ ನಿಂತಿದ್ದರು.

ನೆಲದಲ್ಲಿ ಸಡಿಲ ಮಣ್ಣಿನ ಗುಪ್ಪೆಗಳು, ಉರುಳುತ್ತಿದ್ದ ಒಂದೆರಡು ಉಂಡೆ ಬಿಟ್ಟರೆ ಏನೂ ಇರಲಿಲ್ಲ. "ಇಲ್ಲಿ ಬುಟ್ಟಿ ಸಗಣಿ ಇತ್ತು ಮೇಡಂ" ಎಂದು ಧೂಳಪ್ಪನ ಬಾಯಿಂದ ನಿಜ ಬಿದ್ದುಹೋಯಿತು.

"ಯಾರು ತೆಗೆದ್ರು?"

ನಾನೇ ಅನ್ನು, ನಾನೇ ಅನ್ನು ಎಂದು ಕಾವಲುಗಾರ ಹಿಂದಿನಿಂದ ಸನ್ನೆ ಮಾಡಿದ. ಆದರೆ ಕಣ್ಣಾರೆ ಕಂಡದ್ದನ್ನು ತನ್ನದೆನ್ನಲು ಧೂಳಪ್ಪನಿಗೆ ನಾಲಿಗೆ ಏಳಲಿಲ್ಲ. "ನಾನು ಕೈ ಹಾಕಿಲ್ಲ ಮೇಡಂ, ಈ ಹುಳುಗಳು ಮಾಡಿದ್ದು. ಗೊಬ್ಬರ ಬೇರಿನ ಹತ್ರ ಹೋಯ್ತು ನೋಡಿ. ಅದನ್ನ ತಿಂದು ಮರ ಹೂ ಬಿಡುತ್ತೆ. ಹೂವಿಗೆ ಆ ಜೇನು ಬರುತ್ತೆ. ಜೇನು ಬಂದ್ರೆ ಕಾಯಿ ಕಚ್ಚುತ್ತೆ. ಈ ತೋಟ ನಡೆಸ್ತಿರೋರು ನಾವಲ್ಲ ಮೇಡಂ. ನಮ್ಮಿಂದ ಏನೂ ಇಲ್ಲ."

ಮೇಡಂ ಬಗ್ಗಿ ಮಣ್ಣಿನ ಗುಪ್ಪೆಗಳನ್ನು ನೋಡಿದರು. ಪೊರಕೆಯ ಜೇನನ್ನೂ ಕಣ್ತುಂಬ ನೋಡಿದರು. ಒಳಗೆ ಹೋಗಿ ಟೈಪಿಸ್ಟ್ ಅಕ್ಕನಿಗೆ ಏನೋ ಬರೆಸಿ, ಸಹಿ ಹಾಕಿ, ಹೊರಡುವಾಗ ಅವನ ಹತ್ತಿರ ನಿಂತರು. "ನೀವು ಹೇಳಿದ್ದನ್ನೆಲ್ಲ ಬರೆಸಿದ್ದೀನಿ. ಕಾಯಂ ಅಂತಾನೇ ಬರೆಸಿದ್ದೀನಿ."

ಕಾವಲುಗಾರ ಅವನನ್ನು ತಬ್ಬಿಕೊಂಡ. ಧೂಳಪ್ಪ ಹೆಂಡತಿಗೆ ಫೋನ್ ಮಾಡಿ, "ಮಾವನಿಗೆ ಹೇಳಿಬಿಡು" ಎಂದ.

ಟೈಪಿಸ್ಟ್ ಅಕ್ಕ ಕಾಗದ ಹಿಡಿದು ಬಂದರು. ಮುಖ ಯಾಕೋ ಸಪ್ಪಗಿತ್ತು. ಮೆಲ್ಲಗೆ ಓದಿದರು: "ಸದರಿ ಅಂಗಳದ ಸ್ವಚ್ಛತೆಯನ್ನು ಹುಳುಗಳೇ ಸಮರ್ಪಕವಾಗಿ ನಿರ್ವಹಿಸುತ್ತಿರುವುದು ಅರ್ಜಿದಾರರ ಹೇಳಿಕೆಯಿಂದಲೇ ದೃಢಪಟ್ಟಿರುವುದರಿಂದ, ಇಲ್ಲಿ ಗುಡಿಸುವುದನ್ನು ಕಾಯಂ ಆಗಿ ನಿಲ್ಲಿಸಲಾಗಿದೆ. ಹುಳುಗಳಿಗೆ ಯಾರೂ ತೊಂದರೆ ಕೊಡದಂತೆ ನೋಡಿಕೊಳ್ಳಲು ಅರ್ಜಿದಾರರನ್ನು ತಾತ್ಕಾಲಿಕವಾಗಿ ನೇಮಿಸಲಾಗಿದೆ."

ತಡವಾಗಿ ಬಂದ ಹುಳುವೊಂದು ಕೊನೆಯ ಉಂಡೆ ಒದ್ದುಕೊಂಡು ಧೂಳಪ್ಪನ ಪಾದಕ್ಕೆ ಬಂದು ತಾಗಿತು. ಕಾಯಂ ನೌಕರರು ಎದುರಾದಾಗ ಹನ್ನೊಂದು ವರ್ಷದಿಂದ ಮಾಡುತ್ತ ಬಂದ ಹಾಗೆ, ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.