ಆಜ್ಞಾಧಿಪತಿ ಕಳಿಸಿದ ನಲವತ್ತು ಚಿತ್ರಗಳು

ನಲವತ್ತೂ ಚಿತ್ರಗಳು ಒಂದೇ ಆಜ್ಞೆಗೆ ಹಾರಿ ಹೋಗುತ್ತವೆ, ನೀನು ಕಾಲು ಚಾಚಿ ಕೂತುಕೋ ಎಂದು ಆಜ್ಞಾಧಿಪತಿ ಹೆಂಡತಿಗೆ ಅಭಯ ನೀಡಿದಾಗ ಬೆಳಗಿನ ಹತ್ತು ಗಂಟೆ. ಆ ಬಿರುದು ಕಚೇರಿಯವರು ಕೊಟ್ಟದ್ದು. ಮೂವತ್ತು ವರ್ಷ ಸರ್ವರ್ ಕೋಣೆಯಲ್ಲಿ ಕೂತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಆಜ್ಞೆ ಟೈಪಿಸಿಯೇ ಲೋಕದ ಫೈಲುಗಳನ್ನೆಲ್ಲ ಅತ್ತಿಂದಿತ್ತ ಸಾಗಿಸಿದ ಮಹಾಪುರುಷ! ಮೌಸ್ ಹಿಡಿದು ಫೈಲು ಎಳೆಯುವವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಮನೆಯಲ್ಲಿ ಅವರ ಆಜ್ಞೆ ಪಾಲಿಸುವುದು ಕಂಪ್ಯೂಟರ್ ಒಂದೇ ಎಂಬುದು ಬೇರೆ ಮಾತು.

ಹೆಂಡತಿಯೋ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು. ಊಟದ ಮೇಜನ್ನೇ ಬಣ್ಣದ ಅಂಗಡಿ ಮಾಡಿಕೊಂಡು ಎರಡು ವರ್ಷ ಬರೆದ ಮೊದಲ ಪುಸ್ತಕ ಇದು, ಒಂದು ಹಡಗಿನ ಕಥೆ. ಸಂಜೆ ಐದರೊಳಗೆ ಚಿತ್ರಗಳು ಪ್ರೆಸ್ಸಿನ ಸರ್ವರಿಗೆ ಮುಟ್ಟದಿದ್ದರೆ ಯಂತ್ರಕ್ಕೆ ಬೇರೆ ಪುಸ್ತಕ ಏರುತ್ತದೆ, ಇವರದು ಮುಂದಿನ ವರ್ಷದ ಮಾತು. ಅದಕ್ಕೇ ಆಕೆ, ತಾವೇ ಒಂದೊಂದಾಗಿ ಎಳೆದು ಕಳಿಸುವುದಾಗಿ ಮೂರು ಸಲ ಹೇಳಿದರು. ಆಜ್ಞಾಧಿಪತಿ ಕೇಳಬೇಕಲ್ಲ!

ಬೆರಳುಗಳ ನೆಟಿಕೆ ಮುರಿದು, ಒಂದು ಸಾಲು ಟೈಪಿಸಿ ಎಂಟರ್ ಒತ್ತಿದರು. ನಲವತ್ತು ಹೆಸರುಗಳು ಸರಸರನೆ ಹರಿದವು, ಒಂದೊಂದರ ಮುಂದೆಯೂ 'ಮುಗಿಯಿತು' ಎಂಬ ವರದಿ ಬಿತ್ತು. ರಾಜ್ಯ ಗೆದ್ದವರಂತೆ ಎದ್ದು ಹೋಗಿ ಹೊಟ್ಟೆತುಂಬ ಉಂಡು ಮಲಗಿದರು.

ಮೂರು ಗಂಟೆಗೆ ಪ್ರೆಸ್ಸಿನ ಮೇಸ್ತ್ರಿಯ ಫೋನು ಬಂತು. ಅರ್ಧಕ್ಕರ್ಧ ಚಿತ್ರಗಳು ತೆರೆಯುವುದೇ ಇಲ್ಲವಂತೆ, ತೆರೆದವೂ ಪಟ್ಟೆಪಟ್ಟೆಯಂತೆ. ಹಡಗಿನ ನಾಯಕನ ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ! ತಪ್ಪು ಪ್ರೆಸ್ಸಿನ ಯಂತ್ರದ್ದೇ ಎಂದು ಆಜ್ಞಾಧಿಪತಿ ಘೋಷಿಸಿ, ಮತ್ತೆ ಕಳಿಸಿದರು. ಮತ್ತೆ ಅದೇ ರಾಮಾಯಣ. ಮೂರನೆಯ ಸಲಕ್ಕೆ ಗೋಡೆಯ ಇಂಟರ್ನೆಟ್ ತಂತಿಯನ್ನೂ ಬೈದರು. ಗಂಟೆ ನಾಲ್ಕು ದಾಟಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ರೀ, ಎರಡು ವರ್ಷ ಕಣ್ರೀ," ಎಂದರು ಆಕೆ.

ಆಜ್ಞಾಧಿಪತಿ ಕುರ್ಚಿ ಎಳೆದು ಕೂತರು. ಫೈಲು ಹೇಗೆ ಸಾಗಬೇಕೆಂದು ಅಂತರ್ಜಾಲದ ಹಿರಿಯರು ಬರೆದಿಟ್ಟ ಹಳೆಯ ನಿಯಮಗಳನ್ನು ತೆರೆದು, ಕನ್ನಡಕ ಏರಿಸಿ ಓದಿದರು. ಬರೀ ಅಕ್ಷರಗಳಿರುವ ಫೈಲಿಗೆ ಪಠ್ಯದ ರೀತಿ; ಅದರಲ್ಲಿ ಪ್ರತಿ ಸಾಲಿನ ಕೊನೆಯನ್ನೂ ಯಂತ್ರ ತನ್ನ ಪದ್ಧತಿಗೆ ತಿದ್ದಿಕೊಳ್ಳುತ್ತದೆ. ಚಿತ್ರಗಳಿಗೆ ಬೈನರಿ ರೀತಿ. ಅದರಲ್ಲಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ಈ ಪಾಠವನ್ನು ಕಚೇರಿಯ ಹೊಸಬರಿಗೆಲ್ಲ ಹೇಳಿಕೊಟ್ಟವರು ಸಾಕ್ಷಾತ್ ಅವರೇ! ಆದರೆ ಅವರು ಇಷ್ಟು ವರ್ಷ ಕಳಿಸಿದ್ದು ಬರೀ ವರದಿಗಳನ್ನು. ಅದಕ್ಕೆಂದು ತಾವೇ ಎಂದೋ ಕಂಪ್ಯೂಟರನ್ನು 'ಪಠ್ಯ' ಎಂದು ಹೊಂದಿಸಿಟ್ಟು ಮರೆತಿದ್ದರು. ಪಾಪದ ಯಂತ್ರ ಹಡಗು, ಸಮುದ್ರ, ನಾಯಕ ಎಲ್ಲವನ್ನೂ ಕಚೇರಿಯ ವರದಿಯೆಂದೇ ತಿಳಿದು ಸಿಕ್ಕಸಿಕ್ಕಲ್ಲಿ ತಿದ್ದಿ ಕಳಿಸಿತ್ತು.

'ಪಠ್ಯ' ಇದ್ದಲ್ಲಿ 'ಬೈನರಿ' ಎಂದು ಒಂದೇ ಒಂದು ಪದ ಬದಲಿಸಿದರು. ದೇವರೇ ಗತಿ ಎಂದು ಎಂಟರ್ ಒತ್ತಿದರು.

ಐದಕ್ಕೆ ಹತ್ತು ನಿಮಿಷವಿರುವಾಗ ಮೇಸ್ತ್ರಿಯ ಫೋನು ಬಂತು. ನಲವತ್ತೂ ಅಚ್ಚುಕಟ್ಟಾಗಿ ಬಂದಿವೆ, ಯಂತ್ರಕ್ಕೆ ಏರಿಸುತ್ತಿದ್ದೇವೆ! ಹೆಂಡತಿ ಅವರ ಕೈ ಹಿಡಿದು ಕುಣಿದೇಬಿಟ್ಟರು. ಇಬ್ಬರಿಗೂ ಹಿಡಿಸಲಾರದಷ್ಟು ಖುಷಿ. ಆಜ್ಞಾಧಿಪತಿ ಸ್ಪೀಕರಿನಲ್ಲಿದ್ದ ಫೋನಿಗೆ ಬಾಗಿ, ನಿಯಮ ಬಲ್ಲವನಿಗೆ ಸೋಲಿಲ್ಲ ಎಂಬ ವಿಷಯದ ಮೇಲೆ ಮೇಸ್ತ್ರಿಗೆ ದೀರ್ಘ ಉಪನ್ಯಾಸವನ್ನೇ ಕೊಟ್ಟರು.

ಮೇಸ್ತ್ರಿ ಪೂರ್ತಿ ಕೇಳಿ, ಗಂಟಲು ಸರಿಮಾಡಿಕೊಂಡರು.

"ಒಂದು ವಿಷಯ ಸಾರ್. ಮುಖಪುಟದ ಹಡಗು ಮೊದಲು ಕೆಟ್ಟು ಬಂದಿತ್ತಲ್ಲ, ಸಮುದ್ರವೆಲ್ಲ ಸೀಳಿದ ಹಾಗೆ? ಅದನ್ನ ನೋಡಿ ನಮ್ಮ ಪ್ರಕಾಶಕರಮ್ಮ, ಬಿರುಗಾಳಿ ಅಂದ್ರೆ ಇದು, ಮುಖಪುಟಕ್ಕೆ ಇದೇ ಬೇಕು ಅಂತ ಹಟ ಹಿಡಿದಿದ್ದಾರೆ. ನೀವು ಈಗ ಕಳಿಸಿದ್ದು ಅದನ್ನ ಅಳಿಸಿಬಿಟ್ಟಿದೆ. ಚಿತ್ರ ಬರೆದ ಅಮ್ಮಾವ್ರು ಒಪ್ಪೋದಾದ್ರೆ, ಅದೇ ತಪ್ಪನ್ನ ಇನ್ನೊಂದ್ಸಲ ಮಾಡೋಕಾಗುತ್ತಾ?"

ಹೆಂಡತಿ ನಗು ತಡೆದುಕೊಂಡು ಫೋನನ್ನು ತಮ್ಮತ್ತ ಎಳೆದುಕೊಂಡರು.

"ನಂಗೊಪ್ಪಿಗೆ ಮೇಸ್ತ್ರಿಗಳೇ. ಸರಿಯಾಗಿ ಮಾಡಿ ಅಂದ್ರೆ ಇವರು ಇಡೀ ದಿನ ತಗೋತಾರೆ. ತಪ್ಪು ಮಾಡೋಕಾದ್ರೆ ಪಳಗಿದ ಕೈ, ಈಗಲೇ ಬರುತ್ತೆ."