ಕಾಯಿನೀರು ಕುಡಿದ ಆಂಪ್ಲಿಫೈಯರ್

ದೊಡ್ಡ ಪಾಪ ಮಾಡಿದವರಿಗೆ ದಾರಿಗಳಿವೆ. ಕಾಶಿಗೆ ಹೋಗಬಹುದು, ಶ್ರೀಶೈಲಕ್ಕೆ ನಡೆಯಬಹುದು, ಏನೂ ಇಲ್ಲದಿದ್ದರೆ ಪೊಲೀಸರಾದರೂ ಬಂದು ಕರೆದೊಯ್ಯುತ್ತಾರೆ. ಸಣ್ಣ ಪಾಪ ಮಾಡಿದವರಿಗೆ ಯಾವ ದಾರಿಯೂ ಇಲ್ಲ. ಅವರು ಹೋಳಿಗೆ ಮಾಡುತ್ತಾರೆ. ನಾನು ಒಂದು ವರ್ಷದಲ್ಲಿ ಮಾಡಿದ ಹೋಳಿಗೆಗಳನ್ನು ಹಾಸಿದ್ದರೆ ಬೆಂಗೇರಿಯಿಂದ ಶಿರಗುಪ್ಪಿಯವರೆಗೆ ಕಾಲಿಗೆ ಮಣ್ಣು ತಾಗದಂತೆ ಹೋಗಿಬರಬಹುದಿತ್ತು. ಅಷ್ಟನ್ನೂ ತಿಂದವನು ನಮ್ಮಣ್ಣ. ಹೋಳಿಗೆ ಅವನ ಮನೆಗೆ ಹೋಗುತ್ತಿತ್ತು, ಬೇಳೆ ಬಸಿದ ಕಟ್ಟಿನ ಸಾರು ನಮ್ಮ ಮನೆಯವರಿಗೆ ಉಳಿಯುತ್ತಿತ್ತು. ಯಾಕೆಂದು ಇಬ್ಬರೂ ಕೇಳಲಿಲ್ಲ. ಹೋಳಿಗೆ ತಿನ್ನುವವರು ಕಾರಣ ಕೇಳುವುದಿಲ್ಲ, ಸಾರು ಉಣ್ಣುವವರಿಗೆ ಕೇಳುವ ಧೈರ್ಯವಿರುವುದಿಲ್ಲ.

ಅಣ್ಣ ಶಿವಪ್ಪ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಅವನ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ತೊಂಬತ್ತರ ದಶಕದ ನಡುವೆ ಅವನು ಧಾರವಾಡದಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬ ಪ್ರಾಧ್ಯಾಪಕರಿಂದ ಹಳೆಯ ಆಂಪ್ಲಿಫೈಯರ್ ಒಂದನ್ನು ತಂದ. ಟೇಪ್ ರೆಕಾರ್ಡರಿನ ಸಣ್ಣ ದನಿಯನ್ನು ದೊಡ್ಡದು ಮಾಡಿ ಎರಡು ಸ್ಪೀಕರುಗಳಿಗೆ ಕಳಿಸುವ ಪೆಟ್ಟಿಗೆ ಅದು ಎಂದು ನನಗೆ ತಿಳಿಸಿ ಹೇಳಿದ. ಮೆಲ್ಲಗೆ ಆಡಿದ ಮಾತನ್ನು ದೊಡ್ಡದು ಮಾಡಿ ಓಣಿಗೆಲ್ಲ ಮುಟ್ಟಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದರೂ ಅವರಿಗೆ ಕರೆಂಟು ಬೇಡ ಎಂಬುದಷ್ಟೇ ನನಗೆ ಆಗ ತೋಚಿದ ವ್ಯತ್ಯಾಸ. ಅದು ಬೀಸುಕಲ್ಲಿನಷ್ಟು ಭಾರ. ಮುಂದೆ ಎರಡು ಗಾಜಿನ ಕಿಟಕಿ, ಒಳಗೆ ಹಾಡಿನ ತಾಳಕ್ಕೆ ಕುಣಿಯುವ ಎರಡು ಮುಳ್ಳು. ಅಣ್ಣ ದಿನಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಅದರ ಮುಂದೆ ಕೂರುತ್ತಿದ್ದ. ಎಡಗಡೆ ಹಾರ್ಮೋನಿಯಂ, ಬಲಗಡೆ ತಬಲಾ, ನಟ್ಟನಡುವೆ ಹಾಡುವವರು. ಕಣ್ಣು ಮುಚ್ಚಿದರೆ ಮೂವರೂ ಅವನ ಪಡಸಾಲೆಯಲ್ಲೇ ಚಾಪೆ ಹಾಸಿ ಕೂತಂತೆ. ವೈನಿ ಮಾತ್ರ ಅದನ್ನು ಸವತಿ ಎನ್ನುತ್ತಿದ್ದಳು. ಸವತಿಯ ಮೈಯನ್ನು ಅಣ್ಣ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾನೆ, ತನ್ನ ಕೈಗೆ ಮಾತ್ರ ಪಾತ್ರೆ ಒರೆಸುವ ಬಟ್ಟೆ ಕೊಡುತ್ತಾನೆ ಎಂಬುದು ಅವಳ ದೂರು.

ಅವ್ವ ತೀರಿಕೊಂಡ ಮೇಲೆ ಅಣ್ಣನ ಮನೆಯ ಖಂಡೇ ಪೂಜೆ, ಅಂದರೆ ದಸರೆಯ ಆಯುಧ ಪೂಜೆ, ನನ್ನ ಪಾಲಿಗೆ ಬಂದಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬೇರೆ ಅಧಿಕಾರ ಯಾರು ಕೊಡುತ್ತಾರೆ? ಸಿಕ್ಕ ಒಂದನ್ನು ನಾನು ಚೆನ್ನಾಗಿ ಚಲಾಯಿಸುತ್ತಿದ್ದೆ. ಕುಡಗೋಲು, ಈಳಿಗೆ, ಅಣ್ಣ ನಟ್ಟು ತಿರುವುವ ಪಾನಾಗಳು, ಸೈಕಲ್ಲು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಅಕ್ಷತೆ. ಕೊನೆಗೆ ಕಾಯಿ ಒಡೆದು ಅದರ ನೀರನ್ನು ಎಲ್ಲದರ ನೆತ್ತಿಗೂ ಚಿಮುಕಿಸುವುದು ನಮ್ಮವ್ವನ ಪದ್ಧತಿ. ಆ ವರ್ಷ ಸಾಲಿನ ತುದಿಗೆ ಆಂಪ್ಲಿಫೈಯರ್ ಇತ್ತು. ಅದರ ನೆತ್ತಿಯ ಮೇಲೆ ಸಾಲುಸಾಲು ತೂತುಗಳು. ಗಾಳಿಯಾಡಲಿಕ್ಕೆ ಎಂದು ಅಣ್ಣ ಹೇಳಿದ್ದ. ಗಾಳಿ ಹೋಗುವಲ್ಲಿ ತೀರ್ಥ ಹೋದರೆ ತಪ್ಪೇನು ಎಂದುಕೊಂಡೆ. ನಾಲ್ಕು ಹನಿ ಹಾಕಬೇಕೆಂದೇ ಇದ್ದೆ. ಕಾಯಿ ಒದ್ದೆಯಾಗಿತ್ತು, ಕೈ ಜಾರಿತು, ಹೋಳಿನ ನೀರೆಲ್ಲ ಒಂದೇ ಗುಟುಕಿಗೆ ಒಳಗೆ ಹೋಯಿತು. ಸೈಕಲ್ಲಿಗೆ ಹಾಕಿದ ನೀರು ಕೆಳಗೆ ಇಳಿಯುತ್ತದೆ. ಇದಕ್ಕೆ ಹಾಕಿದ್ದು ಹೊರಗೆ ಬರಲೇ ಇಲ್ಲ. ದೇವರು ಸ್ವೀಕರಿಸಿದ ಎಂದು ಸೆರಗಿನಿಂದ ಮೇಲಷ್ಟೇ ಒರೆಸಿ, ಅಕ್ಷತೆ ಹಾಕಿ, ಕೈ ಮುಗಿದೆ.

ಅಣ್ಣ ಸ್ನಾನ ಮುಗಿಸಿ ಬಂದು ಗುಂಡಿ ಒತ್ತಿದ. ಒಗ್ಗರಣೆಗೆ ಕರಿಬೇವು ಬಿದ್ದಂಥ ಸಪ್ಪಳ ಬಂತು. ಎಡಗಡೆಯ ಮುಳ್ಳು ಒಮ್ಮೆ ಎದ್ದು ಮಲಗಿತು. ಹಾರ್ಮೋನಿಯಂ ಮಾಯ. ನಡುವೆ ಇದ್ದ ಹಾಡುವವರು ಎದ್ದುಹೋಗಿ ತಬಲಾದವರ ತೊಡೆಯ ಮೇಲೆ ಕೂತಂತೆ ಕೇಳತೊಡಗಿತು.

"ಇದನ್ನ ಯಾರರ ಮುಟ್ಟೀರೇನು?" ಎಂದ ಅಣ್ಣ.

"ಪೂಜಿ ಮಾಡೇನಿ, ಅಷ್ಟ," ಎಂದೆ. ಅದು ಸುಳ್ಳಲ್ಲ. ಆದರೆ 'ಅಷ್ಟ' ಎಂಬುದರ ಒಳಗೆ ಅರ್ಧ ಕಾಯಿ ನೀರು ಇತ್ತು.

ಅಣ್ಣ ಪತ್ತೆದಾರಿಕೆಗೆ ಇಳಿದ. ಮೊದಲು ಎಡ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿದ. ಸ್ಪೀಕರು ಬದಲಾದರೂ ಎಡಗಡೆಯೇ ಮೌನ, ಹಾಗಾಗಿ ಸ್ಪೀಕರು ನಿರಪರಾಧಿ. ಟೇಪ್ ರೆಕಾರ್ಡರಿನಿಂದ ಬರುವ ವೈರುಗಳನ್ನು ಅದಲು ಬದಲು ಮಾಡಿದ. ಆಗಲೂ ಎಡಗಡೆಯೇ ಮೌನ, ವೈರುಗಳೂ ನಿರಪರಾಧಿ. ಒಬ್ಬೊಬ್ಬರೇ ಬಿಡುಗಡೆಯಾಗುತ್ತ ಹೋದಂತೆ ನಾನು ಬಾಗಿಲ ಕಡೆ ಸರಿಯುತ್ತಿದ್ದೆ. ಕೊನೆಗೆ ಅವನ ಕಣ್ಣು ವೈನಿಯ ಮಿಕ್ಸರಿನ ಮೇಲೆ ಬಿತ್ತು. ಅದು ತಿರುಗುವಾಗ ವೋಲ್ಟೇಜು ಜಿಗಿಯುತ್ತದೆ ಎಂದು ಅದನ್ನು ಅಟ್ಟಕ್ಕೇರಿಸಿದ. ಶೇಂಗಾ ಚಟ್ನಿಯನ್ನು ಒರಳಿನಲ್ಲಿ ರುಬ್ಬುವ ಕೆಲಸ ವೈನಿಗೆ ಬಂತು. ಅದನ್ನು ನೋಡಲಾರದೆ ನಾನೇ ಹೋಗಿ ದಿನಾ ರುಬ್ಬಿಕೊಟ್ಟೆ. ನಾದಿನಿ ಎಂದರೆ ಹೀಗಿರಬೇಕು ಎಂದು ವೈನಿ ಓಣಿಗೆಲ್ಲ ಹೇಳಿದಳು. ಹೋಳಿಗೆ ಶುರುವಾದದ್ದೂ ಆಗಲೇ.

ಹದಿನೈದು ದಿನಕ್ಕೆ ಅಣ್ಣ ಅದನ್ನು ಕೌದಿಯಲ್ಲಿ ಸುತ್ತಿ ಧಾರವಾಡದ ಖಾಜಾಸಾಬರ ಅಂಗಡಿಗೆ ಒಯ್ದ. ಒಂದು ತುದಿ ಹಿಡಿಯಲು ನಾನು. ಖಾಜಾಸಾಬರು ಅಣ್ಣನ ಇಪ್ಪತ್ತು ವರ್ಷದ ಗೆಳೆಯರು, ರೇಡಿಯೋ ರಿಪೇರಿಯವರು. ಪ್ರತಿ ದಸರಾಕ್ಕೆ ಅಣ್ಣ ಬಸ್ಸು ಹತ್ತಿ ಹೋಗಿ ಬನ್ನಿ ಎಲೆ ಕೊಡುತ್ತಿದ್ದುದು ಅವರಿಗೇ. ಅವರು ಮೊದಲು ಒಂದು ಬಲ್ಬಿನ ಮೂಲಕ ಪೆಟ್ಟಿಗೆಗೆ ಕರೆಂಟು ಕೊಟ್ಟರು. ಒಳಗೆ ಆರೋಗ್ಯವಿದ್ದರೆ ಬಲ್ಬು ಮಂಕಾಗಬೇಕಂತೆ, ರೋಗವಿದ್ದರೆ ಧಗಧಗ ಉರಿಯಬೇಕಂತೆ. ಅದು ಮದುವೆ ಮನೆಯ ದೀಪದ ಹಾಗೆ ಉರಿಯಿತು. ಮುಚ್ಚಳ ಬಿಚ್ಚಿದರು. ಎಡಗಡೆ ಎರಡು ಟ್ರಾನ್ಸಿಸ್ಟರು ಸುಟ್ಟಿದ್ದವು, ಸುತ್ತಲೂ ಹಸಿರು ಕಿಲುಬು. ಖಾಜಾಸಾಬರು ಚಿಮಟದಿಂದ ಏನನ್ನೋ ಎತ್ತಿದರು, ಬೆಳಕಿಗೆ ಹಿಡಿದರು, ಮೂಸಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದೆ.

ಹೋದ ತಿಂಗಳು ಇದರ ಧೂಳು ತೆಗೆಯಲು ಬಿಚ್ಚಿದವರು ನೀವೇ ಅಲ್ಲವೇ ಎಂದು ಅಣ್ಣ ಗಡುಸಾಗಿ ಕೇಳಿದ. ಅವರು ಆ ವಸ್ತುವನ್ನು ಕಾಗದದಲ್ಲಿ ಮಡಚಿಡುತ್ತ ಹೇಳಿದರು, "ಹೌದರಿ ಶಿವಣ್ಣಾರ. ನಂದ ಕೈ ಜಾರಿರಬೇಕು."

ಜಾರಿದ ಕೈ ನನ್ನ ಸೆರಗಿನೊಳಗೆ ಅಡಗಿತ್ತು. ಮುಂಬಯಿಯಿಂದ ಸರಿಜೋಡಿ ಟ್ರಾನ್ಸಿಸ್ಟರು ಬರಲು ಎರಡು ತಿಂಗಳಾಯಿತು. ಪೆಟ್ಟಿಗೆ ಮೊದಲಿನಂತೆ ಹಾಡಿತು, ಮಿಕ್ಸರು ಅಟ್ಟದಿಂದ ಇಳಿಯಿತು, ಆದರೆ ಅಣ್ಣ ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಬಿಟ್ಟ. ಖಾಜಾಸಾಬರು ತಂಗೆವ್ವಗೆ, ಅಂದರೆ ನನಗೆ, ಕೊಡಿ ಎಂದು ಒಂದು ಸಣ್ಣ ಪೊಟ್ಟಣವನ್ನು ಅವನ ಕೈಯಲ್ಲೇ ಕಳಿಸಿದ್ದರು. ಒಳಗೆ ಉಗುರಿನಷ್ಟು ಕೊಬ್ಬರಿ, ನಾಲ್ಕು ಕಾಳು ಅಕ್ಷತೆ. ಅದನ್ನು ವಿಭೂತಿ ಡಬ್ಬಿಯಲ್ಲಿ ಬಚ್ಚಿಟ್ಟು ಮತ್ತೆ ಕಡಲೆಬೇಳೆ ನೆನೆಹಾಕಿದೆ.

ಮರುವರ್ಷ ದಸರಾ ಬಂತು. ಬನ್ನಿ ಹಂಚುವ ಸಂಜೆ ಅಣ್ಣ ಓಣಿಯವರಿಗೆಲ್ಲ ಕೊಟ್ಟು ಬಂದು ಒಂದು ಹಿಡಿ ಬನ್ನಿಯನ್ನು ಮುಂದಿಟ್ಟುಕೊಂಡು ಕೂತ. ಧಾರವಾಡದ ಬಸ್ಸು ಹಿಡಿಯುವ ಹೊತ್ತು ಅದು. ಟೇಪು ಹಚ್ಚಿರಲಿಲ್ಲ. ಎರಡೂ ಮುಳ್ಳು ಮಲಗಿದ್ದವು. ನನಗೆ ತಡೆಯಲಾಗಲಿಲ್ಲ. ಬನ್ನಿ ಕೊಟ್ಟು, ಕಾಲಿಗೆ ಬಿದ್ದು, ಎದ್ದೇಳದೆ ಅಲ್ಲಿಂದಲೇ ಪೊಟ್ಟಣ ಮುಂದೆ ಚಾಚಿದೆ.

"ಅಣ್ಣಾ, ಖಾಜಾಸಾಬರ ಕೈ ಜಾರಿಲ್ಲ. ಜಾರಿದ್ದು ನಂದು. ಕಾಯಿ ನೀರು ಹಾಕೇನಿ."

ಅಣ್ಣ ಪೊಟ್ಟಣ ಬಿಚ್ಚಿ ನೋಡಿದ. ಎಷ್ಟು ನೀರು ಎಂದು ಕೇಳಿದ. ಅರ್ಧ ಕಾಯಿ ಎಂದೆ. ಎದ್ದು ಚಪ್ಪಲಿ ಮೆಟ್ಟಿದ. "ನಡಿ, ಬಸ್ ತಪ್ಪತೈತಿ," ಎಂದ.

ಖಾಜಾಸಾಬರು ಅಂಗಡಿ ಮುಚ್ಚುತ್ತಿದ್ದರು. ಅಣ್ಣ ಬನ್ನಿ ಕೊಟ್ಟ, ತಬ್ಬಿಕೊಂಡ, ತಪ್ಪಾಯಿತು ಎನ್ನಲು ಹೋಗಿ ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಎರಡು ಸಲ ಹೇಳಿದ. ಅವರು ನಕ್ಕರು.

"ಮಳಿ ನೀರು ಕುಡಿದ ಮಷೀನ ನೋಡೇನಿ, ಚಾ ಕುಡಿದದ್ದು ನೋಡೇನಿ. ಕಾಯಿ ನೀರು ಕುಡಿದದ್ದು ಇದ ಮೊದಲರಿ. ತಂಗೆವ್ವ ತಾನ ಹೇಳ್ತಾಳ ಅಂತ ಕಾದೆ. ಇಷ್ಟು ಗಟ್ಟಿ ಅದಾಳಂತ ಗೊತ್ತಿರಲಿಲ್ಲ."

ಈಗ ಖಂಡೇ ಪೂಜೆಯ ದಿನ ಅಣ್ಣ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾನೆ. ನಾನು ಕೀಲಿಗೆ ವಿಭೂತಿ ಹಚ್ಚುತ್ತೇನೆ. ಪಾಪ ಕಳೆದ ಮೇಲೆ ಹೋಳಿಗೆಯೂ ನಿಂತಿತ್ತು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮೊನ್ನೆ ಸುಮ್ಮನೆ ಒಂದು ಡಬ್ಬಿ ಒಯ್ದೆ. ಅಣ್ಣ ಡಬ್ಬಿ ನೋಡಿದ, ನನ್ನ ಮುಖ ನೋಡಿದ, ಎದ್ದುಹೋಗಿ ಆಂಪ್ಲಿಫೈಯರ್ ಹಚ್ಚಿದ. ಎರಡೂ ಮುಳ್ಳು ಕುಣಿದವು. ಮಿಕ್ಸರು ತಿರುಗಿಸಿದ, ಫ್ಯಾನು ಹಾಕಿದ, ಸೈಕಲ್ಲಿನ ಗಂಟೆ ಬಾರಿಸಿದ. ಎಲ್ಲ ಸರಿ ಇದ್ದವು. ಸಮಾಧಾನವಾಗಿ ಕೂತು ತುಪ್ಪ ಹಾಕಿಸಿಕೊಂಡು ಮೂರು ಹೋಳಿಗೆ ತಿಂದ.

ಗೋಡೆಯ ಗಡಿಯಾರ ನಡೆಯುತ್ತಿದೆಯೇ ಎಂದು ಮಾತ್ರ ನೋಡಲಿಲ್ಲ.